ಪ್ರತಿಕ್ರಿಯೆ: ಪೋರ್ಟಿಕೋದಲ್ಲಿ ದಿನಾ ಬೆಳಗ್ಗೆ ಬೀಜ, ಗೋಡೆ ಮೇಲೆ ಕಲೆ

ಅಶೋಕದ ಬೀಜ, ಅರ್ಧ ತಿಂದ ಸೀಬೆಹಣ್ಣು ಬೀಳುತ್ತಿದೆ, ಆದರೆ ಹಗಲು ಬಾವಲಿ ಕಾಣಲ್ಲ ಅಂದಿದ್ದೀರಿ. ಹಾಗಾದರೆ ಅದು ಅಲ್ಲಿ ವಾಸವಿಲ್ಲ, ರಾತ್ರಿ ಊಟಕ್ಕೆ ಮಾತ್ರ ಬರುತ್ತಿದೆ. ಬಹುಶಃ ಗಿಡ್ಡ ಮೂತಿಯ ಹಣ್ಣುಬಾವಲಿ. ಇದು ಹಣ್ಣು ಕಚ್ಚಿಕೊಂಡು ಹತ್ತಿರದ ಮರೆಗೆ ಹಾರಿ, ನೇತುಬಿದ್ದು ರಸ ಹೀರಿ ನಾರು ಉಗಿಯುತ್ತದೆ. ನೆಲದಲ್ಲಿ ಒಣಗಿದ ಚಪ್ಪಟೆ ಉಂಡೆಗಳಿದ್ದರೆ ಅದೇ.

ಮೊದಲು ಬೀಜ ಜಾಸ್ತಿ ಬಿದ್ದ ಜಾಗದ ನೇರ ಮೇಲೆ ನೋಡಿ. ಫ್ಯಾನಿನ ಕೊಕ್ಕೆ, ವೈರು, ಒರಟು ಗಾರೆ, ಏನೋ ಒಂದು ಹಿಡಿತ ಸಿಕ್ಕಿರುತ್ತದೆ. ಹಗಲಲ್ಲೇ ಅದನ್ನು ತೆಗೆಯಿರಿ, ಇಲ್ಲವೇ ನುಣುಪಾದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊಡೆಯಿರಿ. ನಮ್ಮ ಮನೆಯಲ್ಲಿ ಇಷ್ಟಕ್ಕೇ ನಿಂತಿತು. ಮೂಲೆ ಬದಲಿಸಿದರೆ ಅಲ್ಲೂ ಹೀಗೇ ಮಾಡಿ. ರಾತ್ರಿಯಿಡೀ ಲೈಟ್ ಹಾಕುವುದು ಕೆಲವು ಕಡೆ ಫಲ ಕೊಡುತ್ತದೆ, ಕೆಲವು ಕಡೆ ಇಲ್ಲ. ಸಣ್ಣ ದಾರದ ಬಲೆ ಮಾತ್ರ ದಯವಿಟ್ಟು ಕಟ್ಟಬೇಡಿ. ರೆಕ್ಕೆ ಸಿಕ್ಕಿಕೊಂಡು ನರಳಿ ಸಾಯುತ್ತವೆ.

ಕಲೆಯನ್ನು ಒಣಗಿದ್ದಾಗ ಗುಡಿಸಬೇಡಿ. ಗ್ಲೌಸು, ಮಾಸ್ಕ್ ಹಾಕಿ, ಸೋಪು ನೀರು ಚಿಮುಕಿಸಿ ನೆನೆಸಿ, ಆಮೇಲೆ ಉಜ್ಜಿ. ಕಚ್ಚಿದ ಹಣ್ಣು ಮಕ್ಕಳ ಕೈಗೆ ಸಿಗದಿರಲಿ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಅಶೋಕ ಮರ ಕಡಿಸುವ ಯೋಚನೆ ಬಿಡಿ. ಗಂಡು ಬಾವಲಿ ಒಳಗಿನ ರೆಂಬೆ, ಎಲೆ ಕಚ್ಚಿ ಕಚ್ಚಿ ಅಲ್ಲೇ ಗುಡಾರ ಮಾಡಿರಬಹುದು. ಮರಿ ಹೊತ್ತ ಹೆಣ್ಣುಗಳು ಹಗಲು ಅದರಲ್ಲೇ ಇರುತ್ತವೆ. ರೆಂಬೆ ಸವರಲೇಬೇಕಾದರೆ ಹಗಲಲ್ಲೇ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ, ಮರಿ ಇಲ್ಲ ಅಂತ ಖಚಿತವಾದ ಮೇಲೆ ಸವರಿಸಿ.