ಓದಿಕೊಂಡು ಬನ್ನಿ ಅಂದರೆ ಕಾಲೇಜು ವಿದ್ಯಾರ್ಥಿಗಳು ನಿಜವಾಗಿ ಓದಿ, ಅರ್ಥಮಾಡಿಕೊಂಡು ಬರುವಂತೆ ಮಾಡುವುದು ಹೇಗೆ?

ಓದದೆ ಬಂದರೂ ತರಗತಿ ಆರಾಮಾಗಿ ನಡೆದುಹೋದರೆ ಯಾರೂ ಓದುವುದಿಲ್ಲ. ಓದಲು ಕೊಟ್ಟ ಅಧ್ಯಾಯವನ್ನೇ ನಾವು ಮರುದಿನ ಪೂರ್ತಿ ವಿವರಿಸುತ್ತೇವೆ. ಹಾಗಿದ್ದಾಗ ಅವರು ಯಾಕೆ ಓದಬೇಕು, ಅಲ್ವಾ? ಇದನ್ನು ಸೋಮಾರಿತನ ಅನ್ನಲು ನನಗೆ ಮನಸ್ಸಿಲ್ಲ.

ಓದಿಗೆ ತರಗತಿಯಲ್ಲೇ ಒಂದು ಕೆಲಸ ಕೊಡಿ. ನಾನು ಮೊದಲು ಹೇಳುವುದು ಇದನ್ನೇ: ಶುರುವಿನ 5 ನಿಮಿಷ ಪುಸ್ತಕ ಮುಚ್ಚಿಸಿ, ನೆನಪಿರುವುದನ್ನು ಬರೆಸಿ. ಅದಕ್ಕೆ ಸ್ವಲ್ಪ ಅಂಕ ಇದ್ದರೆ ಸಾಕು. ಇದು ಬರೀ ಯಾರು ಓದಿದ್ದಾರೆ ಅಂತ ಹಿಡಿಯುವ ಉಪಾಯ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿನಿಂದ ಬರೆಸಿದರು. 5 ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಜಾಸ್ತಿ ನೆನಪಿತ್ತು. ಒಂದು ವಾರ ಕಳೆದ ಮೇಲೆ ಕೇಳಿದಾಗ ನೆನಪಿನಿಂದ ಬರೆದದ್ದೇ ಹೆಚ್ಚು ಉಳಿದಿತ್ತು.

ಅರ್ಥವಾಗಬೇಕಾದರೆ ಸುಮ್ನೆ ಪುಟ ಸಂಖ್ಯೆ ಹೇಳಿ ಕಳಿಸಬೇಡಿ. ಜೊತೆಗೆ ಒಂದೆರಡು ಪ್ರಶ್ನೆ ಕೊಡಿ. 'ಲೇಖಕರು ಯಾರ ಮಾತನ್ನು ಒಪ್ಪುತ್ತಿಲ್ಲ? ಯಾಕೆ?' ಇಂಥವು. ಉತ್ತರ ಒಂದೇ ಸಾಲಿನಲ್ಲಿ ಸಿಗುವಂತಿರಬಾರದು.

ಸಂಶೋಧನಾ ಲೇಖನವಾದರೆ ಮೊದಲನೆಯದನ್ನು ತರಗತಿಯಲ್ಲೇ ಒಟ್ಟಿಗೆ ಓದಿ. ಎಲ್ಲಿ ನಿಧಾನಿಸಬೇಕು, ಯಾವ ಭಾಗವನ್ನು ಸದ್ಯಕ್ಕೆ ಬಿಡಬಹುದು ಅಂತ ತೋರಿಸಿ. ಎಷ್ಟೋ ಮಂದಿಗೆ ಇದನ್ನು ಯಾರೂ ಹೇಳಿಕೊಟ್ಟೇ ಇರುವುದಿಲ್ಲ.

ಪುಟಗಳನ್ನೂ ಕಡಿಮೆ ಮಾಡಿ. ತರಗತಿಯಲ್ಲಿ ಬಳಸದ ಓದನ್ನು ಕೊಡಲೇಬೇಡಿ.