ಲ್ಯಾಬ್ ರಿಪೋರ್ಟ್ ಚೆನ್ನಾಗಿದೆ, ಹಾರ್ಮೋನ್ ಕಥೆ ಏನು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ಬರುತ್ತದೆ. ಲ್ಯಾಬಿಗೆ ಕೊಟ್ಟು ನೋಡಿದೆವು, ಎಲ್ಲ ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಮಿತಿಯೊಳಗೇ ಇದೆ. ಪ್ಲಾಸ್ಟಿಕ್, ಮಾತ್ರೆಗಳಿಂದ ಹಾರ್ಮೋನ್ ಏರುಪೇರು ಮಾಡುವ ರಾಸಾಯನಿಕ ನೀರಿಗೆ ಸೇರುತ್ತದಂತಲ್ಲ, ಅದು ಈ ರಿಪೋರ್ಟಿನಲ್ಲಿ ಗೊತ್ತಾಗುತ್ತದಾ? ಶುದ್ಧೀಕರಣದಲ್ಲಿ ಹೋಗುತ್ತದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ರಿಪೋರ್ಟಿನಲ್ಲಿ ಗೊತ್ತಾಗುವುದಿಲ್ಲ. ಐಎಸ್ 10500 ಪಟ್ಟಿಯಲ್ಲಿ ಅಟ್ರಜಿನ್‌ನಂಥ ಕೆಲವು ಕೀಟನಾಶಕ, ಕಳೆನಾಶಕಗಳಿವೆ. ಆದರೆ ಎಸ್ಟ್ರಾಡಿಯೋಲ್ ಎಂಬ ಹಾರ್ಮೋನೂ ಇಲ್ಲ, ಪ್ಲಾಸ್ಟಿಕ್‌ನಲ್ಲಿರುವ ಬಿಪಿಎ (ಬಿಸ್ಫೀನಾಲ್ ಎ) ಎಂಬ ರಾಸಾಯನಿಕವೂ ಇಲ್ಲ. ಯುರೋಪ್ 2020ರಲ್ಲಿ ಬಿಪಿಎಗೆ ಲೀಟರಿಗೆ 2.5 ಮೈಕ್ರೋಗ್ರಾಂ ಮಿತಿ ಹಾಕಿತು. 2022ರಲ್ಲಿ ಎಸ್ಟ್ರಾಡಿಯೋಲ್ ಮೇಲೆ ಕಣ್ಣಿಡಬೇಕು ಎಂದು ಲೀಟರಿಗೆ 1 ನ್ಯಾನೋಗ್ರಾಂ ಗುರುತು ಇಟ್ಟಿತು. ಎಷ್ಟು ಸಣ್ಣದು ಗೊತ್ತಾ? ನೂರು ಕೋಟಿ ಲೀಟರಿನಲ್ಲಿ ಒಂದೇ ಒಂದು ಗ್ರಾಂ. ಕಾವೇರಿ ಯೋಜನೆಯ ಐದನೇ ಹಂತಕ್ಕೆ ಮೊದಲು ಬೆಂಗಳೂರಿಗೆ ದಿನಕ್ಕೆ ಬರುತ್ತಿದ್ದ ಕಾವೇರಿ ನೀರೇ ಸುಮಾರು 145 ಕೋಟಿ ಲೀಟರ್!

ಇಷ್ಟು ಕಡಿಮೆ ಇದ್ದರೆ ಯಂತ್ರದಿಂದಲೂ ನೇರವಾಗಿ ಅಳೆಯುವುದು ಕಷ್ಟ. ಸಾಮಾನ್ಯವಾಗಿ ಒಂದು ಲೀಟರ್ ನೀರನ್ನು ಪುಟ್ಟ ಕಾಟ್ರಿಡ್ಜ್ ಮೂಲಕ ಹರಿಸಿ, ಅಂಟಿಕೊಂಡದ್ದನ್ನು ಒಂದಿಷ್ಟು ದ್ರಾವಕದಲ್ಲಿ ಇಳಿಸಿಕೊಂಡು, ಆಮೇಲೆ ಅಣುಗಳನ್ನು ತೂಕದ ಮೇಲೆ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಕೊಡುತ್ತಾರೆ.

ಯಂತ್ರದ ತೊಂದರೆ ಏನೆಂದರೆ, ನೀವು ಹೆಸರು ಹೇಳಿದ್ದನ್ನು ಮಾತ್ರ ಅದು ಹುಡುಕುತ್ತದೆ. ಶುದ್ಧೀಕರಣ ಘಟಕದಲ್ಲಿ ಏನಾಗುತ್ತದೆ ನೋಡಿ: ಆಲಂ (ಪಟಿಕ) ಕೆಸರನ್ನು ಕೂರಿಸುತ್ತದೆ. ಕರಗಿದ ಎಸ್ಟ್ರಾಡಿಯೋಲ್ ಹೆಚ್ಚುಕಡಿಮೆ ಹಾಗೇ ದಾಟಿಹೋಗುತ್ತದೆ. ಮುಂದೆ ಕ್ಲೋರಿನ್ ಅದರ ರೂಪ ಬದಲಿಸುತ್ತದೆ. ಆಗ ಯಂತ್ರ 'ಎಸ್ಟ್ರಾಡಿಯೋಲ್ ಇಲ್ಲ' ಎನ್ನುತ್ತದೆ, ಸರಿಯೇ. ಹೊಸ ರೂಪಕ್ಕೂ ಹಾರ್ಮೋನ್ ಗುಣ ಸ್ವಲ್ಪ ಉಳಿದಿದ್ದರೆ?

ಇದಕ್ಕೇ ಯೀಸ್ಟ್ ಪರೀಕ್ಷೆ ಇದೆ. ನಮ್ಮ ಇಡ್ಲಿ ಹಿಟ್ಟಿನಲ್ಲೂ ಬೆಳೆಯುವ ಆ ಜಾತಿಯದ್ದೇ! ಅದಕ್ಕೆ ಮನುಷ್ಯರ ಈಸ್ಟ್ರೋಜನ್ (ಎಸ್ಟ್ರಾಡಿಯೋಲ್‌ನಂಥ ಹೆಣ್ಣು ಹಾರ್ಮೋನ್) ಗ್ರಾಹಕದ, ಅಂದರೆ ಆ ಹಾರ್ಮೋನನ್ನು ಗುರುತಿಸುವ ಪ್ರೋಟೀನಿನ, ಜೀನ್ ಸೇರಿಸಿರುತ್ತಾರೆ. ನೀರಿನಿಂದ ತೆಗೆದ ಸಾರ ಹಾಕಿದಾಗ ಹಳದಿ ಬಣ್ಣ ಕೆಂಪಿಗೆ ತಿರುಗಿದರೆ, ಹೆಸರು ಏನೇ ಇರಲಿ, ಈಸ್ಟ್ರೋಜನ್‌ನಂತೆ ಕೆಲಸ ಮಾಡುವುದೇನೋ ಅದರಲ್ಲಿದೆ ಎಂದರ್ಥ. 2018ರಿಂದ ಇದಕ್ಕೆ ಐಎಸ್‌ಒ 19040 ಮಾನದಂಡವೂ ಇದೆ. ಆದರೆ ಥೈರಾಯ್ಡ್ ಕೆಡಿಸುವಂಥವು ಇದಕ್ಕೆ ಸಿಗುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಯಂತ್ರ, ಯೀಸ್ಟ್ ಎರಡೂ ಬೇಕು. ಅದೂ ನಲ್ಲಿ ನೀರು ಒಂದೇ ಸಾಲದು. ನದಿ ನೀರು, ಶೋಧಿಸಿದ ನೀರು, ಕ್ಲೋರಿನ್ ಹಾಕಿದ ಮೇಲಿನ ನೀರು, ಪ್ರತಿ ಹಂತದ್ದೂ ಬೇಕು. ಎಲ್ಲಿ ಇಳಿಯಿತು, ಎಲ್ಲಿ ಇಳಿಯಲಿಲ್ಲ ಅಂತ ಆಗಲೇ ತಿಳಿಯುವುದು.

ಸ್ಯಾಂಪಲ್‌ಗೆ ಖಾಲಿ ಮಿನರಲ್ ವಾಟರ್ ಬಾಟಲಿ ಹಿಡಿದುಕೊಂಡು ಬರುವವರೇ ಜಾಸ್ತಿ. ಬೇಡ, ಪ್ಲಾಸ್ಟಿಕ್‌ನಿಂದಲೇ ರಾಸಾಯನಿಕ ಸ್ಯಾಂಪಲ್‌ಗೆ ಸೇರಬಹುದು, ಗಾಜಿನ ಬಾಟಲಿಯೇ ಆಗಬೇಕು. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಅನಾ ಸೋಟೊ, ಕಾರ್ಲೊಸ್ ಸೋನೆನ್‌ಶೈನ್ ಅವರಿಗೆ ಹೀಗೇ ಆಗಿತ್ತು. ಹಾರ್ಮೋನ್ ಹಾಕದಿದ್ದರೂ ಸ್ತನ ಕ್ಯಾನ್ಸರ್ ಕೋಶಗಳು ಸುಮ್ನೆ ಬೆಳೆಯತೊಡಗಿದವು. ಹುಡುಕಿ ಹುಡುಕಿ ನೋಡಿದರೆ, ಪ್ಲಾಸ್ಟಿಕ್ ಟ್ಯೂಬಿನಿಂದ ಈಸ್ಟ್ರೋಜನ್‌ನಂತೆ ಕೆಲಸ ಮಾಡುವ ನೋನೈಲ್‌ಫೀನಾಲ್ ಎಂಬ ರಾಸಾಯನಿಕ ಇಳಿಯುತ್ತಿತ್ತು! 1991ರಲ್ಲಿ ಇದನ್ನು ಪ್ರಕಟಿಸಿದರು. ನಲ್ಲಿ ನೀರಾದರೆ ಬಾಟಲಿಗೆ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿಸಿ, ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ನೀರು ಕುದಿಸಿದರೆ ಈ ಹಾರ್ಮೋನ್ ರಾಸಾಯನಿಕಗಳು ಹೋಗುವುದಿಲ್ಲ. ಮನೆಯ ಆರ್‌ಒ, ಕಾರ್ಬನ್ ಫಿಲ್ಟರ್ ಬಹುಪಾಲು ತಡೆಯುತ್ತವೆ, ಕಾಟ್ರಿಡ್ಜ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಮಾತ್ರ.