ಕಮಲಾ ಹ್ಯಾರಿಸ್ ನಿಜಕ್ಕೂ ಪ್ರಗತಿಪರರೇ?

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸೋತ ಕಮಲಾ ಹ್ಯಾರಿಸ್ ಹೆಸರಿಗಷ್ಟೇ ಪ್ರಗತಿಪರರು ಅಂತಾನೆ. ಟ್ರಂಪ್ ನೋಡಿದರೆ ಅವರನ್ನು ಕಮ್ಯುನಿಸ್ಟ್ ಎಂದೇ ಜರಿದರು. ಯಾರ ಮಾತು ನಂಬಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಕಮ್ಯುನಿಸ್ಟ್ ಅನ್ನೋದು ಸುಮ್ನೆ ಚುನಾವಣೆಯ ಬೈಗುಳ, ಅದನ್ನು ಬಿಡಿ. ನಿಮ್ಮ ಮಗನ ಮಾತಿನಲ್ಲಿ ಹುರುಳಿದೆ. ಪೂರ್ತಿ ಒಪ್ಪುವಂಥದ್ದೂ ಅಲ್ಲ.

ಭಾಷಣ ಪಕ್ಕಕ್ಕಿಟ್ಟು ನಾನು ನೋಡುವುದು ಎರಡೇ. ಖರ್ಚು ಯಾರ ತಲೆಗೆ ಬರುತ್ತೆ? ಎದುರಿಗಿರುವ ಮತದಾರ ಬದಲಾದಾಗ ನಿಲುವೂ ಬದಲಾಗುತ್ತಾ?

ಆರೋಗ್ಯ ವಿಮೆಯನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇದೆ. ಅದಕ್ಕಿಂತ ಚಿಕ್ಕವರಲ್ಲಿ ಹೆಚ್ಚಿನವರು ಕೆಲಸದ ಜೊತೆ ಬರುವ ಖಾಸಗಿ ವಿಮೆಯನ್ನೇ ನೆಚ್ಚಿಕೊಂಡಿದ್ದಾರೆ. ಕೆಲಸ ಹೋದರೆ ವೀಸಾ ಚಿಂತೆಯ ಬೆನ್ನಿಗೇ ವಿಮೆಯ ಚಿಂತೆ, ನಿಮ್ಮ ಮಗನಿಗೂ ಇದು ಗೊತ್ತಿರುತ್ತೆ. ಮೆಡಿಕೇರ್ ಎಲ್ಲರಿಗೂ ಸಿಗಲಿ ಅಂತ ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ 2017ರಲ್ಲಿ ಮಸೂದೆ ತಂದಾಗ, ಜೊತೆಗೆ ನಿಲ್ಲುತ್ತೇನೆ ಎಂದು ಮುಂದೆ ಬಂದವರಲ್ಲಿ ಹ್ಯಾರಿಸ್ ಮೊದಲಿಗರು. 2019ರ ಜನವರಿಯಲ್ಲಿ ಟಿವಿಯಲ್ಲಿ ಖಾಸಗಿ ವಿಮೆಯೇ ಬೇಡ ಎಂಬಂತೆ ಮಾತಾಡಿದರು. ಗದ್ದಲವಾಯಿತು. ಜುಲೈ ಹೊತ್ತಿಗೆ ಅವರದೇ ಬೇರೆ ಯೋಜನೆ ಬಂತು: ಬದಲಾವಣೆಗೆ 10 ವರ್ಷ, ಮೆಡಿಕೇರ್ ಒಳಗೇ ಖಾಸಗಿ ಕಂಪನಿಗಳಿಗೂ ಜಾಗ, ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ ಕುಟುಂಬಗಳಿಗೆ ಹೊಸ ತೆರಿಗೆ ಇಲ್ಲ. 2024ರ ಪ್ರಚಾರದಲ್ಲಿ ಆ ಮಾತೇ ಇರಲಿಲ್ಲ. ಎಲ್ಲರಿಗೂ ಸರ್ಕಾರಿ ವಿಮೆ ಎಂಬ ನಿಲುವನ್ನೇ ಕೈಬಿಟ್ಟಿದ್ದರು.

ಫ್ರಾಕಿಂಗ್ ಕಥೆಯೂ ಇದೇ. ನೆಲದಾಳದ ಬಂಡೆ ಸೀಳಿ ಗ್ಯಾಸ್, ತೈಲ ತೆಗೆಯುವ ವಿಧಾನ ಅದು. 2019ರಲ್ಲಿ ನಿಷೇಧಿಸಲೇಬೇಕು ಎಂದರು, 2024ರಲ್ಲಿ ನಿಷೇಧಿಸುವುದಿಲ್ಲ ಎಂದರು. ನಡುವೆ ಬದಲಾದದ್ದು ಭೂಗರ್ಭ ವಿಜ್ಞಾನವಲ್ಲ. 2019ರಲ್ಲಿ ಅಭ್ಯರ್ಥಿಯಾಗಲು ಮೆಚ್ಚಿಸಬೇಕಿದ್ದದ್ದು ಡೆಮಾಕ್ರಟಿಕ್ ಪಕ್ಷದೊಳಗಿನ ಎಡಪಂಥೀಯರನ್ನು. 2024ರಲ್ಲಿ ಗ್ಯಾಸ್ ಉದ್ಯಮದ ಪೆನ್ಸಿಲ್ವೇನಿಯಾವನ್ನು, ಅಧ್ಯಕ್ಷರನ್ನು ಆರಿಸುವ ಅದರ 19 ಎಲೆಕ್ಟೋರಲ್ ಮತಗಳನ್ನು. ನನ್ನ ಮೌಲ್ಯಗಳು ಬದಲಾಗಿಲ್ಲ ಅಂತ ಸಂದರ್ಶನದಲ್ಲಿ ಹೇಳಿಕೊಂಡರು. ಮೌಲ್ಯ ಇರಲಿ, ನೀತಿ ಬದಲಾಯಿತಲ್ವಾ?

ನಿಮ್ಮ ಮಗನ ಸಿಟ್ಟಿಗೆ ಇನ್ನೊಂದು ಕಾರಣ ಇರಬಹುದು. ಹ್ಯಾರಿಸ್ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರಾಗಿದ್ದವರು. 2004ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾದಾಗ, ಆರೋಪಿಗೆ ಮರಣದಂಡನೆ ಕೇಳುವುದಿಲ್ಲ ಎಂದು ಗಟ್ಟಿಯಾಗಿ ನಿಂತರು. ಪೊಲೀಸರು ತಿರುಗಿಬಿದ್ದರೂ ಜಗ್ಗಲಿಲ್ಲ. ಅದು ಸಣ್ಣ ಧೈರ್ಯವಲ್ಲ. ಹತ್ತು ವರ್ಷದ ನಂತರ, 2014ರಲ್ಲಿ, ಕ್ಯಾಲಿಫೋರ್ನಿಯಾದ ಮರಣದಂಡನೆ ಪದ್ಧತಿ ಸಂವಿಧಾನಬಾಹಿರ ಎಂದು ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು. ಆಗ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲೆ) ಆಗಿದ್ದ ಅದೇ ಹ್ಯಾರಿಸ್ ಅದರ ವಿರುದ್ಧ ಮೇಲ್ಮನವಿ ಹೋದರು! ಮಕ್ಕಳು ಶಾಲೆ ತಪ್ಪಿಸಿದರೆ ಅಪ್ಪ ಅಮ್ಮನಿಗೆ ದಂಡ, ಜೈಲು ಎನ್ನುವ ರಾಜ್ಯದ ಕಾನೂನಿಗೂ ಅವರದೇ ಒತ್ತಾಸೆ. ಇಂಥ ಕಾನೂನಿನ ಬಿಸಿ ಮೊದಲು ತಟ್ಟುವುದು ಬಡವರಿಗೇ.

ಹಾಗಾದರೆ ಎಲ್ಲ ಬರೀ ಬಾಯಿಮಾತೇ? ಅಲ್ಲ. ಗರ್ಭಪಾತದ ಹಕ್ಕಿನ ವಿಷಯದಲ್ಲಿ ಅವರು ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಮಗು ಹುಟ್ಟಿದ ಮೊದಲ ವರ್ಷ ಕುಟುಂಬಕ್ಕೆ 6,000 ಡಾಲರ್ ತೆರಿಗೆ ವಿನಾಯಿತಿ, ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳಲು ಮೆಡಿಕೇರ್ ನೆರವು, ಇವು ನಿಜವಾದ ಪ್ರಗತಿಪರ ಪ್ರಸ್ತಾಪಗಳೇ. ಶ್ರೀಮಂತರ ತೆರಿಗೆಯಲ್ಲಿ ಮಾತ್ರ ಕೈ ಸ್ವಲ್ಪ ಮೆತ್ತಗಾಯಿತು. ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದವರ ಷೇರು ಮತ್ತಿತರ ಬಂಡವಾಳ ಲಾಭಕ್ಕೆ ಬೈಡನ್ 39.6% ತೆರಿಗೆ ಕೇಳಿದ್ದರು, ಹ್ಯಾರಿಸ್ 28% ಎಂದರು.

ಲೆಕ್ಕ ಹಾಕಿದರೆ ನನ್ನ ಕಣ್ಣಿಗೆ ಅವರು ಮಧ್ಯದ ದಾರಿಯ ಡೆಮಾಕ್ರಟ್. 2019ರಲ್ಲಿ ಎಡಕ್ಕೆ ವಾಲಿದ್ದೇ ಅಪವಾದ. ಸ್ಯಾಂಡರ್ಸ್‌ಗೂ ಅವರ ನಿಲುವುಗಳೆಲ್ಲ ಒಪ್ಪಿಗೆ ಇರಲಿಲ್ಲ. ಆದರೂ 2024ರಲ್ಲಿ ಅವರನ್ನೇ ಬೆಂಬಲಿಸಿದರು. ಹ್ಯಾರಿಸ್ ಆದರ್ಶ ಬಿಟ್ಟಿಲ್ಲ, ಗೆಲ್ಲಲು ಬೇಕಾದದ್ದು ಮಾಡುತ್ತಿದ್ದಾರೆ ಎಂದು ಸಮರ್ಥಿಸಿಯೂ ಬಿಟ್ಟರು. ಗೆಲುವು ಮಾತ್ರ ಸಿಗಲಿಲ್ಲ. ಮತದಾನದ ಮರುದಿನವೇ ಸ್ಯಾಂಡರ್ಸ್ ಪಕ್ಷಕ್ಕೆ ಚುಚ್ಚಿದರು: ದುಡಿಯುವ ಜನರನ್ನು ಕೈಬಿಟ್ಟ ಪಕ್ಷವನ್ನು ಆ ಜನರೂ ಕೈಬಿಟ್ಟರೆ ಆಶ್ಚರ್ಯವೇನು?